ಕೈ ಕಲಿತ ವಿದ್ಯೆಯೇ ದೊಡ್ಡ ಪ್ರಸಾದ

॥ ಓಂ ನಮಃ ಶಿವಾಯ ॥



ದುರ್ಗದಿಂದ, ಹಿರಿಯೂರಿನಿಂದ, ಹೊಸದುರ್ಗ, ಹೊಳಲ್ಕೆರೆಯಿಂದ, ಇನ್ನೂ ದೂರದ ಊರುಗಳಿಂದ ಈ ಬೆಟ್ಟ ಹತ್ತಿ ಬಂದಿದ್ದೀರಿ. ಕೆಲವರು ಹರಕೆ ತೀರಿಸೋಕೆ, ಕೆಲವರು ಮಗುವಿನ ಜವಳ ತೆಗೆಸೋಕೆ, ಕೆಲವರು ಮನಸ್ಸಿಗೆ ಒಂದಿಷ್ಟು ಸಮಾಧಾನ ಬೇಕು ಅಂತ. ಸ್ವಾಮಿಯ ದರ್ಶನ ಆಯಿತು, ಪ್ರಸಾದವೂ ಆಯಿತು. ಇಳಿಯುವುದಕ್ಕೆ ಅವಸರ ಬೇಡ. ಬಂಡೆಯ ನೆರಳಿನಲ್ಲಿ ಒಂದು ಗಳಿಗೆ ಕೂತು ಈ ನಾಲ್ಕು ಮಾತು ಓದಿ. ಓದಲು ಬಾರದವರು ಪಕ್ಕದಲ್ಲಿದ್ದರೆ ಅವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ.

ನಮ್ಮ ಸೀಮೆಯ ಬೆಟ್ಟಗಳಲ್ಲಿ ಗವಿಗಳಿಗೆ ಕೊರತೆ ಇಲ್ಲ. ಚಂದ್ರವಳ್ಳಿಯ ಅಂಕಲಿ ಮಠದ ಗವಿಗಳನ್ನು ನೀವು ನೋಡಿರಬಹುದು. ಒಳಗೆ ಇಳಿದರೆ ಹಗಲಿನಲ್ಲೂ ದೀಪ ಬೇಕು. ಅಂಥ ಜಾಗದಲ್ಲಿ ತಪಸ್ವಿಗಳು ಇದ್ದರು ಅಂತ ಕೇಳಿ ಕೈ ಮುಗಿಯುತ್ತೇವೆ. ಆದರೆ ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳುವುದಿಲ್ಲ. ಅಂಗಡಿ ಇಲ್ಲ, ನಲ್ಲಿ ಇಲ್ಲ, ಬೆಂಕಿಪೊಟ್ಟಣ ಇಲ್ಲ, ಅವರು ಬದುಕಿದ್ದು ಹೇಗೆ?

‘ದೇವರ ಕೃಪೆ’ ಅಂತೀರಿ. ನಿಜ. ಆದರೆ ಆ ಕೃಪೆ ಅವರ ಕೈಗಳ ಮೂಲಕವೇ ಕೆಲಸ ಮಾಡಿತು. ಮಳೆ ನೀರು ಯಾವ ಬಂಡೆಯ ಸಂದಿನಲ್ಲಿ ನಿಲ್ಲುತ್ತೆ, ಯಾವ ಸೊಪ್ಪು ಉಣ್ಣಬಹುದು, ಯಾವ ಸೊಪ್ಪು ಮುಟ್ಟಬಾರದು, ಕೆಂಡವನ್ನು ಬೂದಿಯಲ್ಲಿ ಹೇಗೆ ಮುಚ್ಚಿಡಬೇಕು, ಹರಿದ ಹೊದಿಕೆಯನ್ನು ಹೇಗೆ ಹೊಲಿದುಕೊಳ್ಳಬೇಕು, ಇದೆಲ್ಲ ಗೊತ್ತಿಲ್ಲದವನು ಕಾಡಿನಲ್ಲಿ ಮೂರು ದಿನವೂ ಇರಲಾರ. ವೈರಾಗ್ಯ ಅಂದರೆ ಬಿಡುವುದು ಅಂತ ತಿಳಿದಿದ್ದೇವೆ. ಬಿಡುವುದು ಒಂದು ದಿನದ ಕೆಲಸ. ಬಿಟ್ಟ ಮೇಲೆ ಬದುಕುವುದಿದೆಯಲ್ಲ, ಅದನ್ನು ಕಲಿಯಬೇಕು. ಬೇಕುಗಳು ಕಡಿಮೆ ಆಗಬೇಕಾದರೆ ಕೈಗೆ ಬರುವ ಕೆಲಸ ಹೆಚ್ಚಬೇಕು. ಇವತ್ತಿನ ಪ್ರವಚನದ ಸಾರ ಇಷ್ಟೇ.

ಹಗ್ಗ ಹೊಸೆದ ಶರಣ

ಇದಕ್ಕೆ ಸಾಕ್ಷಿ ಹುಡುಕಿಕೊಂಡು ಕಾಶಿಗೆ ಹೋಗಬೇಕಾಗಿಲ್ಲ. ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿಗೆ ಹೋದರೆ ಸಾಕು. ಅಲ್ಲಿ ನುಲಿಯ ಚಂದಯ್ಯನವರ ಗದ್ದುಗೆ ಇದೆ. 12ನೇ ಶತಮಾನದ ಶರಣರು. ಕಲ್ಯಾಣದಲ್ಲಿ ಬಸವಣ್ಣನವರ ಜೊತೆ ಇದ್ದವರು. ಅವರ ಕಾಯಕ ಏನು ಗೊತ್ತೇ? ಕೆರೆಯಂಚಿನ ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ಜಂಗಮ ದಾಸೋಹ ಮಾಡುವುದು. ‘ನುಲಿ’ ಅಂದರೆ ಹೊಸೆ, ಹುರಿ ಮಾಡು. ಕಾಯಕವೇ ಅವರ ಹೆಸರಿಗೆ ಅಂಟಿಕೊಂಡಿತು.

ಶರಣರ ಚರಿತೆಯಲ್ಲಿ ಅವರದೊಂದು ಕಥೆ ಇದೆ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತಂತೆ. ಬೇರೆ ಯಾರೇ ಆಗಿದ್ದರೂ ಎದೆ ಬಡಿದುಕೊಂಡು ನೀರಿಗೆ ಧುಮುಕುತ್ತಿದ್ದರು. ಚಂದಯ್ಯನವರು ಹೊರೆ ಕಟ್ಟಿಕೊಂಡು ಮನೆ ಕಡೆ ಹೊರಟೇ ಬಿಟ್ಟರು. ಲಿಂಗವೇ ಹಿಂದೆ ಹಿಂದೆ ಬಂದು ‘ನನ್ನನ್ನು ಧರಿಸು’ ಅಂತ ಬೇಡಿತಂತೆ. ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಮಾತಾಡಬೇಕಾಯಿತು. ಚಂದಯ್ಯನವರದು ಒಂದೇ ಹಟ. ಗುರುವಾದರೂ ಅಷ್ಟೇ, ಲಿಂಗವಾದರೂ ಅಷ್ಟೇ, ಜಂಗಮನಾದರೂ ಅಷ್ಟೇ, ಕಾಯಕ ಮಾಡದೆ ಉಣ್ಣುವ ಹಾಗಿಲ್ಲ. ಲಿಂಗಕ್ಕೂ ಹಗ್ಗ ಮಾರಿಕೊಂಡು ಬರುವ ಕೆಲಸ ಹಚ್ಚಿದರು ಅಂತ ಕಥೆ ಹೇಳುತ್ತೆ.

ಕಥೆ ಕೇಳಿ ನಗು ಬರಬಹುದು. ಆದರೆ ಒಳಗಿನ ಮಾತು ನೋಡಿ. ಆ ಮಹಾತ್ಮರಿಗೆ ಧೈರ್ಯ ಎಲ್ಲಿಂದ ಬಂತು? ಕೈಯಲ್ಲಿ ವಿದ್ಯೆ ಇತ್ತು. ಹುಲ್ಲು ಬೆಳೆಯುವ ಜಾಗ ಯಾವುದೇ ಇರಲಿ, ಅಲ್ಲಿ ಅವರ ಅನ್ನ ಇತ್ತು. ಕಲ್ಯಾಣ ಚದುರಿದ ಮೇಲೆ ಶರಣರು ದಿಕ್ಕು ದಿಕ್ಕಿಗೆ ಹೋದರು. ಅರಮನೆಯನ್ನು ನಂಬಿದವನು ಅರಮನೆ ಹೋದರೆ ಬೀದಿಗೆ ಬೀಳುತ್ತಾನೆ. ಹಗ್ಗ ಹೊಸೆಯಬಲ್ಲ ಚಂದಯ್ಯನವರು ನಮ್ಮ ಸೀಮೆಗೆ ಬಂದು ಇಲ್ಲೇ ಐಕ್ಯರಾದರು. ನೂಲು ಹುಣ್ಣಿಮೆಯ ದಿನ ಇವತ್ತಿಗೂ ಅವರ ಜಯಂತಿ ನಡೆಯುತ್ತೆ.

ಎಳೆಗೆ ಎಳೆ ಸೇರಿಸುವ ಗುಟ್ಟು

ಹಗ್ಗ ಹೇಗೆ ಆಗುತ್ತೆ, ಯಾವತ್ತಾದರೂ ನೋಡಿದ್ದೀರಾ? ಈಗ ಅಂಗಡಿಯಲ್ಲಿ ನೈಲಾನ್ ಹಗ್ಗ ಸಿಗುತ್ತೆ, ತೂಕಕ್ಕೆ ಕೊಡ್ತಾರೆ. ನಮ್ಮ ಹಿರಿಯರು ಹೊಲದ ಬದುವಿನ ಕತ್ತಾಳೆ ಪಟ್ಟೆ ಕೊಯ್ದು, ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಕೊಳೆತ ಮೇಲೆ ಕಲ್ಲಿನ ಮೇಲೆ ಬಡಿದು, ತೊಳೆದು ನಾರು ತೆಗೆಯುತ್ತಿದ್ದರು. ಆ ನೀರು ಮೈಗೆ ತಾಗಿದರೆ ಕಡಿತ, ವಾಸನೆಯೋ ಹೇಳುವ ಹಾಗಿಲ್ಲ. ಪುಂಡಿಯ ನಾರೂ ಹೀಗೇ.

ನಾರು ಒಣಗಿದ ಮೇಲೆ ಎರಡು ಪಾಲು ಮಾಡಬೇಕು. ಒಂದೊಂದು ಪಾಲನ್ನೂ ಒಂದೇ ದಿಕ್ಕಿಗೆ, ಅಂದರೆ ಎರಡನ್ನೂ ಬಲಕ್ಕೆ ಹುರಿ ಮಾಡಬೇಕು. ಆಮೇಲೆ ಆ ಎರಡನ್ನೂ ಸೇರಿಸಿ ಎಡಕ್ಕೆ ಸುತ್ತಬೇಕು. ಗುಟ್ಟು ಇರುವುದು ಇಲ್ಲೇ. ಒಂದೊಂದು ಎಳೆಗೂ ಬಿಚ್ಚಿಕೊಳ್ಳುವ ಆಸೆ. ಒಂದು ಬಿಚ್ಚಿಕೊಳ್ಳಲು ಹೋದಷ್ಟೂ ಇನ್ನೊಂದನ್ನು ಬಿಗಿಯುತ್ತೆ. ಗಂಟು ಬೇಡ, ಅಂಟು ಬೇಡ, ಹಗ್ಗ ತನ್ನಷ್ಟಕ್ಕೆ ತಾನೇ ನಿಲ್ಲುತ್ತೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗುಟ್ಟು ಇದೆ, ಅದು ಇದಕ್ಕಿಂತ ದೊಡ್ಡದು. ನಾರು ಎಷ್ಟು ಉದ್ದ ಇರುತ್ತೆ? ಒಂದು ಮೊಳ, ಎರಡು ಮೊಳ. ಹಗ್ಗ ಬಾವಿಯ ತಳ ಮುಟ್ಟಬೇಕು. ಹಾಗಾದರೆ ನಡುನಡುವೆ ಹೊಸ ನಾರು ಸೇರಿಸಲೇಬೇಕು. ಯಾವಾಗ ಸೇರಿಸಬೇಕು? ಹಳೆ ಎಳೆ ಪೂರ್ತಿ ಮುಗಿಯುವ ತನಕ ಕಾದರೆ ಕೆಟ್ಟಿತು. ಹಳೆಯದು ಇನ್ನೂ ಒಂದು ಗೇಣು ಇರುವಾಗಲೇ ಹೊಸದನ್ನು ಅದರ ಪಕ್ಕ ಇಟ್ಟು ಎರಡನ್ನೂ ಒಟ್ಟಿಗೆ ಹುರಿ ಮಾಡಬೇಕು. ಎರಡೂ ಪಾಲಿಗೆ ಒಂದೇ ಜಾಗದಲ್ಲಿ ಸೇರಿಸಲೂ ಬಾರದು, ಸೇರಿಸಿದರೆ ಅಲ್ಲೇ ತುಂಡಾಗುತ್ತೆ.

ಭಕ್ತರೇ, ನಮ್ಮ ಸೀಮೆಯ ವಿದ್ಯೆಯೆಲ್ಲ ಈಗ ಈ ಗೇಣುದ್ದದಲ್ಲಿ ನಿಂತಿದೆ. ಹಗ್ಗ ಹೊಸೆಯುವ ಅಜ್ಜ ಇನ್ನೂ ಜಗಲಿಯ ಮೇಲೆ ಕೂತಿದ್ದಾನೆ. ಬೀಜ ಆರಿಸುವ ಅಜ್ಜಿ ಇನ್ನೂ ಇದ್ದಾಳೆ. ಅವರ ಪಕ್ಕದಲ್ಲಿ ಕೂತು ಹುರಿ ಸೇರಿಸುವ ಹೊಸ ಎಳೆ ಮಾತ್ರ ಕಾಣುತ್ತಿಲ್ಲ. ಅವರು ಹೋದ ಮೇಲೆ ಕಲಿಯುತ್ತೇವೆ ಅಂದರೆ ಆಗುವುದಿಲ್ಲ. ಪುಸ್ತಕದಲ್ಲಿ ಬರೆದಿಟ್ಟರೂ ಕೈಗೆ ಬರುವುದಿಲ್ಲ. ಕೈಯಿಂದ ಕೈಗೆ ಬರುವ ವಿದ್ಯೆ ಇದು, ಎರಡೂ ಕೈ ಒಂದೇ ಕಾಲದಲ್ಲಿ ಇರಬೇಕು.

ದೇವರಾದ ದನಗಾಹಿಗಳು

ಬೇರೆ ಸೀಮೆಯವರು ರಾಜರನ್ನು, ಯೋಧರನ್ನು ಪೂಜಿಸಿದರೆ ನಮ್ಮ ಸೀಮೆಯವರು ದನ ಕಾಯ್ದವರನ್ನೂ ದೇವರು ಮಾಡಿಕೊಂಡಿದ್ದಾರೆ. ಕಾಡುಗೊಲ್ಲರ ಜುಂಜಪ್ಪ ಯಾರು? ಅಡವಿಯಲ್ಲಿ ದನ ಕಾಯ್ದ ವೀರ. ಮ್ಯಾಸಬೇಡರ ಗಾದ್ರಿಪಾಲನಾಯಕ? ಅವನೂ ಪಶುಪಾಲಕನೇ. ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಇವತ್ತಿಗೂ ಸಾಕುತ್ತಾರೆ, ಅವನ್ನು ಕಾಯುವ ಕಿಲಾರಿಗೆ ಮರ್ಯಾದೆ ಉಂಟು. ಹಿರಿಯರು ಇದನ್ನು ಸುಮ್ಮನೆ ಮಾಡಲಿಲ್ಲ. ಮಳೆ ಕಡಿಮೆ ಬೀಳುವ ಸೀಮೆ ಇದು. ಇಲ್ಲಿ ಬದುಕು ಉಳಿಸಿದವನು ಮೇವು ಎಲ್ಲಿದೆ, ನೀರು ಎಲ್ಲಿದೆ ಅಂತ ಬಲ್ಲವನು. ಬಲ್ಲವನಿಗೆ ಕೈ ಮುಗಿದರು.

ಒಬ್ಬ ಕುರಿಗಾಹಿಯನ್ನು ನೋಡಿ. ಅವನ ಹತ್ತಿರ ಏನಿದೆ? ಒಂದು ಕಂಬಳಿ, ಒಂದು ಕೋಲು, ಒಂದು ಕುಡುಗೋಲು, ಒಂದು ನೀರಿನ ಪಾತ್ರೆ. ಅದೇ ಕಂಬಳಿ ಮಳೆಗೆ ಕೊಪ್ಪೆ ಆಗುತ್ತೆ, ಚಳಿಗೆ ಹೊದಿಕೆ ಆಗುತ್ತೆ, ಮಲಗಲು ಹಾಸಿಗೆ ಆಗುತ್ತೆ, ಈಗಷ್ಟೇ ಹುಟ್ಟಿದ ಮರಿಗೆ ಜೋಳಿಗೆ ಆಗುತ್ತೆ. ದೇವರ ಕಾರ್ಯ ಬಂದರೆ ಅದನ್ನೇ ಹಾಸಿ ಗದ್ದಿಗೆ ಮಾಡುತ್ತಾರೆ. ಸಂಜೆ ಆದರೆ ಜಾಲಿ ಮುಳ್ಳು ಕಡಿದು ಸುತ್ತ ಒಡ್ಡಿ ರೊಪ್ಪ ಮಾಡುತ್ತಾನೆ, ತೋಳ ಚಿರತೆ ಒಳಗೆ ಬರದ ಹಾಗೆ. ಸಾಮಾನು ಕಡಿಮೆ, ಬುದ್ಧಿ ಜಾಸ್ತಿ.

ಆ ಕಂಬಳಿಯ ಹಿಂದೆ ಎಷ್ಟು ಕೈ ಇದೆ ಅಂತೀರಿ! ಕುರಿಯ ಉಣ್ಣೆ ಕತ್ತರಿಸುವವನು ಒಬ್ಬ, ಅದನ್ನು ಬಿಡಿಸಿ ಹದ ಮಾಡುವವರು ಒಬ್ಬರು. ನೂಲುವುದು ಹೆಣ್ಣುಮಕ್ಕಳ ಕೈ. ನೂಲು ಗಟ್ಟಿಯಾಗಲಿ ಅಂತ ಹುಣಸೆ ಬೀಜದ ಸರಿ ಬಳಿಯುತ್ತಾರೆ. ಆಮೇಲೆ ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಾರೆ. ಪಕ್ಕದ ಚಳ್ಳಕೆರೆ ಸೀಮೆಯ ಕಂಬಳಿ ನಾಡಿಗೆಲ್ಲ ಹೆಸರಾಗಿದ್ದು ಹೀಗೆ.

ಇಲ್ಲಿ ಒಂದು ಮಾತು ಎಚ್ಚರದಿಂದ ತಿಳಿಯಬೇಕು. ಸ್ವಾವಲಂಬನೆ ಅಂದರೆ ‘ನನಗೆ ಯಾರೂ ಬೇಡ’ ಅನ್ನುವ ಸೊಕ್ಕಲ್ಲ. ಕುರಿಗಾಹಿ ರಾತ್ರಿ ರೈತನ ಹೊಲದಲ್ಲಿ ಮಂದೆ ನಿಲ್ಲಿಸುತ್ತಾನೆ. ಹೊಲಕ್ಕೆ ಗೊಬ್ಬರ ಸಿಕ್ಕಿತು, ಅವನಿಗೆ ಕಾಳು ಸಿಕ್ಕಿತು. ಇಬ್ಬರೂ ಬೇಡಲಿಲ್ಲ, ಇಬ್ಬರೂ ಕೊಟ್ಟರು. ಕೈಯಲ್ಲಿ ಒಂದು ವಿದ್ಯೆ ಇದ್ದವನು ನೆರೆಯವನ ಮುಂದೆ ತಲೆ ಎತ್ತಿ ನಿಲ್ಲುತ್ತಾನೆ, ನೆರೆಯವನಿಗೆ ಹೆಗಲೂ ಆಗುತ್ತಾನೆ.

ಹಾಗಂತ ಅವನ ಬದುಕು ಸುಖದ್ದು ಅಂತ ಯಾರೂ ತಿಳಿಯಬೇಡಿ. ಬಿಸಿಲು, ಮಳೆ, ರೋಗ ಬಂದರೆ ಹಿಂಡೇ ಹೋಗುವ ಭಯ, ಮಕ್ಕಳ ಓದಿಗೆ ಅಡ್ಡಿ, ಎಲ್ಲ ಇದೆ. ಅವನ ಮಗ ಶಾಲೆಗೆ ಹೋಗಲಿ, ಡಾಕ್ಟರೇ ಆಗಲಿ. ಆದರೆ ಅಪ್ಪನ ವಿದ್ಯೆ ಕಂಡರೆ ನಾಚಿಕೆ ಪಡುವ ಹಾಗೆ ಮಾತ್ರ ನಾವು ನೀವು ನಡೆದುಕೊಳ್ಳಬಾರದು.

ನೀರಿನ ವಿದ್ಯೆ

ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಜನ ಮಾರಿ ಕಣಿವೆ ಅಂತಾರೆ, 1907ರಲ್ಲಿ ಕಟ್ಟಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅವತ್ತು ಹುಟ್ಟಿದ ಕೂಸು ಮುಪ್ಪಾಗಿ ಕೋಡಿ ನೋಡಿತು. 2022ರಲ್ಲಿ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು, ಗಂಗೆಗೆ ಬಾಗಿನ ಕೊಟ್ಟರು. ಸಂತೋಷವೇ. ಆದರೆ ಆ 89 ವರ್ಷ ನಮ್ಮವರು ಬದುಕಿದ್ದು ತುಂಬಿದ ಕೆರೆಯನ್ನು ನಂಬಿ ಅಲ್ಲ, ಇದ್ದ ನೀರನ್ನು ಬಳಸುವ ವಿದ್ಯೆಯನ್ನು ನಂಬಿ.

ದುರ್ಗದ ಕೋಟೆಗೆ ಹೋದಾಗ ಫೋಟೋ ತೆಗೆಸಿಕೊಂಡು ಬರುವುದಷ್ಟೇ ಅಲ್ಲ, ಹೊಂಡಗಳನ್ನು ನೋಡಿ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಹರಿದು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತೆ. ಅದು ತುಂಬಿ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಕ್ಕೆ, ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತೆ. ಮೇಲಿನವನು ತುಂಬಿದ ಮೇಲೆ ಕೆಳಗಿನವನಿಗೆ ಬಿಡಬೇಕು ಅನ್ನುವ ಧರ್ಮವನ್ನು ಕಲ್ಲಿನಲ್ಲೇ ಕಟ್ಟಿಟ್ಟಿದ್ದಾರೆ. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಹತ್ತಿರ ಕದಂಬರ ಮಯೂರಶರ್ಮನ ಶಾಸನ ಇದೆ, 4ನೇ ಶತಮಾನದ್ದು. ಅಷ್ಟು ದೊಡ್ಡ ರಾಜ ಬಂಡೆಯ ಮೇಲೆ ಬರೆಸಿದ್ದು ಯಾವುದರ ಬಗ್ಗೆ? ಒಂದು ಕೆರೆಯ ಬಗ್ಗೆ.

ಕೆರೆ ಕಟ್ಟುವುದು ರಾಜರ ಕೆಲಸ ಇರಬಹುದು. ಒರತೆ ತೆಗೆಯುವುದು ಯಾರು ಬೇಕಾದರೂ ಕಲಿಯಬಹುದು. ವೇದಾವತಿ ಬತ್ತಿದಾಗ ಹೆಂಗಸರು ಮರಳಿನಲ್ಲಿ ಹಸಿ ಇರುವ ಜಾಗ ನೋಡಿ ಮೊಣಕೈ ಉದ್ದ ತೋಡುತ್ತಿದ್ದರು. ಮೊದಲು ಬರುವುದು ರಾಡಿ. ಅದನ್ನು ಎರಡು ಮೂರು ಸಲ ಮೊಗೆದು ಚೆಲ್ಲಬೇಕು. ಆಮೇಲೆ ಸುಮ್ಮನೆ ಕಾಯಬೇಕು, ಕೈ ಆಡಿಸಬಾರದು. ನಿಧಾನವಾಗಿ ತಿಳಿನೀರು ಒಸರುತ್ತೆ. ಇನ್ನೂ ಕದಡಿದ್ದರೆ ಚಿಲ್ಲದ ಬೀಜವನ್ನು ಮಡಕೆಯ ಒಳಗೆ ತೇಯ್ದು ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತೆ. ತಿಳಿಯಾದ ನೀರೆಲ್ಲ ಶುದ್ಧ ಅಲ್ಲ, ಆದ್ದರಿಂದ ಸೋಸಿ, ಕುದಿಸಿಯೇ ಕುಡಿಯಬೇಕು. ನೀರು ತುಂಬಿಕೊಂಡ ಮೇಲೆ ಒರತೆಗೆ ಮುಳ್ಳು ಮುಚ್ಚಿ ಬರುವುದು ಪದ್ಧತಿ, ಹಿಂದೆ ಬರುವವರಿಗೂ ಹೊಲಸಿಲ್ಲದ ನೀರು ಸಿಗಲಿ ಅಂತ.

ಮನಸ್ಸಿನ ಒರತೆಯೂ ಹೀಗೇ. ಧ್ಯಾನಕ್ಕೆ ಕೂತಾಗ ಮೊದಲು ಬರುವುದು ರಾಡಿಯೇ. ಹೆದರಬೇಡಿ. ಮೊಗೆದು ಚೆಲ್ಲಿ, ಸುಮ್ಮನೆ ಕಾಯಿರಿ.

ಬುತ್ತಿ ಮತ್ತು ಒನಕೆ

ಹಿಂದೆ ಬೆಟ್ಟಕ್ಕೆ ಬರುವವರ ಬುತ್ತಿಯಲ್ಲಿ ಏನಿರುತ್ತಿತ್ತು? ರಾಗಿ ಹುರಿಹಿಟ್ಟು. ರಾಗಿಗೆ ಸ್ವಲ್ಪ ನೀರು ಚಿಮುಕಿಸಿ, ಹಸಿ ಇಟ್ಟು, ಆರಿಸಿ, ಕಾದ ಮರಳಿನಲ್ಲಿ ಹುರಿದರೆ ಮಲ್ಲಿಗೆಯ ಹಾಗೆ ಅರಳುತ್ತೆ. ಮರಳು ಜರಡಿ ಹಿಡಿದು, ಅರಳನ್ನು ಬೀಸಿದರೆ ಹಿಟ್ಟು. ಬೆಲ್ಲ ಕಲಸಿ ನೀರಿನಲ್ಲೋ ಮಜ್ಜಿಗೆಯಲ್ಲೋ ಉಂಡೆ ಕಟ್ಟಿದರೆ ಊಟ. ದಾರಿಯಲ್ಲಿ ಒಲೆ ಬೇಡ, ಕಟ್ಟಿಗೆ ಬೇಡ, ಪ್ಲಾಸ್ಟಿಕ್ ಪೊಟ್ಟಣವಂತೂ ಬೇಡವೇ ಬೇಡ. ಈಗ ಮೆಟ್ಟಿಲ ಪಕ್ಕ ಬಿದ್ದಿರುವ ಕುರ್‌ಕುರೆ ಚೀಟಿಗಳನ್ನು ನೋಡಿ, ಯಾರ ಬುತ್ತಿ ಶ್ರೇಷ್ಠ ಅಂತ ನೀವೇ ಹೇಳಿ.

ಹೊಸದುರ್ಗದ ಕಡೆ ಸಾವೆ ಬೆಳೆಯುತ್ತಾರೆ. ಕಡಿಮೆ ಮಳೆಗೂ ಬರುವ ಬೆಳೆ. ರಾಗಿ ಹೊಲದ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು ಬಿಡುವುದು ನಮ್ಮ ಹಿರಿಯರ ಜಾಣತನ. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಅಂತ. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಆದರೆ ಸಾವೆ ಬೆಳೆದರೆ ಸಾಲದು, ಮೇಲಿನ ಸಿಪ್ಪೆ ತೆಗೆಯಬೇಕು. ಅದಕ್ಕೆ ಒರಳು ಬೇಕು, ಒನಕೆ ಬೇಕು, ಮೊರ ಬೇಕು, ಎಲ್ಲಕ್ಕಿಂತ ರಟ್ಟೆಯಲ್ಲಿ ಬಲ ಬೇಕು.

ಒನಕೆ ಅಂದ ಕೂಡಲೇ ನಿಮಗೆ ಓಬವ್ವ ನೆನಪಾಗಿರುತ್ತಾಳೆ. ಹೈದರಾಲಿಯ ದಂಡು ದುರ್ಗಕ್ಕೆ ಮುತ್ತಿಗೆ ಹಾಕಿದ ಕಾಲ. ಕಹಳೆ ಊದುವ ಮುದ್ದ ಹನುಮ ಊಟಕ್ಕೆ ಕೂತಿದ್ದಾನೆ, ಹೆಂಡತಿ ಓಬವ್ವ ನೀರು ತರಲು ಹೋಗಿದ್ದಾಳೆ. ಕಿಂಡಿಯಲ್ಲಿ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವುದು ಕಂಡಿತು. ಕತ್ತಿ ಎಲ್ಲಿದೆ ಅಂತ ಹುಡುಕಲಿಲ್ಲ. ಗಂಡನನ್ನು ಊಟದಿಂದ ಎಬ್ಬಿಸಲಿಲ್ಲ. ಮನೆಯ ಒನಕೆ ತಂದಳು. ದಿನಾ ಬೆಳಗ್ಗೆ ಕುಟ್ಟಿ ಕುಟ್ಟಿ ಒನಕೆಯ ಭಾರ, ಅದರ ಏಟು ಅವಳ ರಟ್ಟೆಗೆ ಗೊತ್ತಿತ್ತು. ಯುದ್ಧ ವಿದ್ಯೆ ಕಲಿತವಳಲ್ಲ ಆ ತಾಯಿ. ಮನೆಯ ಕೆಲಸವೇ ಅವಳ ಗರಡಿ ಆಗಿತ್ತು. ಕೊನೆಗೆ 1779ರಲ್ಲಿ ಕೋಟೆ ಹೈದರನ ಕೈಗೆ ಹೋಯಿತು, ಅದು ಬೇರೆ ಮಾತು. ಆದರೆ ಓಬವ್ವನ ಹೆಸರು ಯಾರ ಕೈಗೂ ಹೋಗಲಿಲ್ಲ. ಆ ಹೊತ್ತಿಗೆ ಆಗುವುದು ದಿನಾ ಮಾಡಿದ ಕೆಲಸವೇ ಹೊರತು ಬೀರುವಿನಲ್ಲಿಟ್ಟ ವಸ್ತು ಅಲ್ಲ.

ಬೆಂಕಿ ಹಚ್ಚುವುದು, ಆರಿಸುವುದು

ಮೂರು ಕಲ್ಲು ಇಟ್ಟು, ಗಾಳಿ ಬರುವ ಕಡೆ ಬಾಯಿ ಬಿಟ್ಟು, ಒಣ ಪುಳ್ಳೆ ಒಳಗೆ, ದಪ್ಪ ಕಟ್ಟಿಗೆ ಮೇಲೆ, ಹೀಗೆ ಒಲೆ ಹೂಡುವುದನ್ನು ಮಕ್ಕಳಿಗೆ ಮನೆಯಂಗಳದಲ್ಲಿ ಕಲಿಸಿ. ಆದರೆ ಹಚ್ಚುವುದು ಅರ್ಧ ವಿದ್ಯೆ, ಆರಿಸುವುದು ಇನ್ನರ್ಧ. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ, ಬೂದಿಯ ಹತ್ತಿರ ಹಿಂಗೈ ಹಿಡಿದು ನೋಡಬೇಕು. ಬಿಸಿ ತಾಗಿದರೆ ಇನ್ನೂ ಆರಿಲ್ಲ.

ಬೆಟ್ಟದಲ್ಲಿ, ಕಾಡಿನಲ್ಲಿ ಮಾತ್ರ ಬೆಂಕಿ ಹಚ್ಚಲೇಬೇಡಿ. ಜೋಗಿಮಟ್ಟಿಯ ಕಾಡು ಈಗ ವನ್ಯಜೀವಿಧಾಮ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಒಣಗಿ ನಿಂತಿರುತ್ತೆ, ಗಾಳಿಯೂ ಜೋರು. ಒಂದು ಬೀಡಿ ತುಂಡು ಸಾಕು. ಹೊತ್ತಿದರೆ ಮೊಲ, ನವಿಲು, ಕರಡಿ, ನೂರಾರು ಜಾತಿಯ ಮೂಲಿಕೆ ಎಲ್ಲ ಬೂದಿ. ಕಾನೂನಿನಲ್ಲಿ ಅಪರಾಧ, ಧರ್ಮದಲ್ಲಿ ಪಾಪ. ಒಬ್ಬ ಜೋಗಿ ಅಲ್ಲಿ ಇದ್ದು ಗಿಡಮೂಲಿಕೆಯಿಂದ ಜನರ ರೋಗ ವಾಸಿ ಮಾಡುತ್ತಿದ್ದ, ಅದಕ್ಕೇ ಆ ಬೆಟ್ಟಕ್ಕೆ ಜೋಗಿಮಟ್ಟಿ ಅಂತ ಹೆಸರು ಬಂತು ಅನ್ನುತ್ತಾರೆ. ಅವನು ಬೇಕಾದಷ್ಟೇ ಎಲೆ ತರಿದಿರಬೇಕು, ಬೇರು ಉಳಿಸಿರಬೇಕು. ಇಲ್ಲದಿದ್ದರೆ ನಮ್ಮ ಕಾಲಕ್ಕೆ ಏನೂ ಉಳಿಯುತ್ತಿರಲಿಲ್ಲ.

ಬಲ್ಲವನ ಇನ್ನೊಂದು ಗುಣ ತನ್ನ ವಿದ್ಯೆ ಎಲ್ಲಿಗೆ ಮುಗಿಯುತ್ತೆ ಅಂತ ತಿಳಿದಿರುವುದು. ದಾರಿಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಧೈರ್ಯ ಹೇಳಿ, ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು, ನಡೆಸದೆ ಹೊತ್ತುಕೊಂಡು ನೇರ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಔಷಧಿ ಇರುವುದು ಅಲ್ಲಿ. 108ಕ್ಕೆ ಫೋನ್ ಮಾಡಿ. ಸ್ವಾಮಿಗೆ ಹರಕೆ ಆಮೇಲೆ ಹೊತ್ತರೂ ನಡೆಯುತ್ತೆ.

ಮನೆಗೆ ಒಯ್ಯುವ ವ್ರತ

2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿಗೆ ಹೋಗಿದ್ದ ನಮ್ಮ ಎಷ್ಟೋ ಮಕ್ಕಳು ಹಳ್ಳಿಗೆ ಬಂದರು. ಕೈಯಲ್ಲಿ ಮೊಬೈಲ್ ಇತ್ತು, ಒಳ್ಳೆ ಓದೂ ಇತ್ತು. ಅಪ್ಪ ಕೊಟ್ಟ ಕುಂಟೆ ಹಿಡಿಯಲು ಬರಲಿಲ್ಲ, ಹಸು ಹಿಂಡಲು ಬರಲಿಲ್ಲ. ಆ ಮಕ್ಕಳನ್ನು ಬೈಯಬೇಡಿ. ‘ನೀನು ಓದು, ಈ ಕಷ್ಟ ನಿನಗೆ ಬೇಡ’ ಅಂತ ಅವರನ್ನು ಹೊಲದಿಂದ ಅಟ್ಟಿದ್ದು ಹಿರಿಯರೇ, ಪ್ರೀತಿಯಿಂದಲೇ ಅಟ್ಟಿದ್ದು. ಕಷ್ಟ ಬೇಡ ಅಂದದ್ದು ಸರಿ. ಕಷ್ಟದ ಜೊತೆ ವಿದ್ಯೆಯನ್ನೂ ಬೇಡ ಅಂದುಬಿಟ್ಟೆವು. ಕೆಲವರು ಆ ನಾಲ್ಕು ತಿಂಗಳಲ್ಲಿ ಕಲಿತರು ಕೂಡ. ಮನಸ್ಸಿದ್ದರೆ ಕೈಗೆ ಬೇಗ ಹತ್ತುತ್ತೆ ಅನ್ನುವುದಕ್ಕೆ ಅದೇ ಸಾಕ್ಷಿ.

ಆದ್ದರಿಂದ ಭಕ್ತರೇ, ಈ ಸಲ ಸ್ವಾಮಿಯ ಮುಂದೆ ಒಂದು ಸಣ್ಣ ವ್ರತ ತೊಡಿ. ಹಣ ಖರ್ಚಿಲ್ಲದ್ದು, ಉಪವಾಸ ಇಲ್ಲದ್ದು. ಮುಂದಿನ ನೂಲು ಹುಣ್ಣಿಮೆಯೊಳಗೆ ಒಂದು ಕೈಕೆಲಸ ಪೂರ್ತಿ ಕಲಿಯುತ್ತೇನೆ ಅಂತ. ಹಗ್ಗ ಹೊಸೆಯುವುದೋ, ಬೀಜ ಆರಿಸಿ ಕಾಪಿಡುವುದೋ, ಹುರಿಹಿಟ್ಟು ಮಾಡುವುದೋ, ಹರಿದ ಬಟ್ಟೆ ಹೊಲಿಯುವುದೋ, ಕಲ್ಲಿನ ಬದು ಕಟ್ಟುವುದೋ, ಯಾವುದಾದರೂ ಒಂದು. ಕೆಲಸಕ್ಕೆ ಗಂಡು ಹೆಣ್ಣು ಇಲ್ಲ, ಜಾತಿಯೂ ಇಲ್ಲ. ಹಗ್ಗ ಹೊಸೆದ ಚಂದಯ್ಯನವರನ್ನೂ ಬಟ್ಟೆ ಒಗೆದ ಮಾಚಯ್ಯನವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ನಾಡು ಇದು.

ವ್ರತದ ನೇಮ ಮೂರು. ಒಂದು, ಬಲ್ಲವರ ಮನೆಗೆ ನೀವೇ ಹೋಗಬೇಕು. ಎಲೆ ಅಡಿಕೆ ಇಟ್ಟು ‘ಅಜ್ಜಾ, ನಂಗೆ ಇದನ್ನ ಕಲಿಸಿಕೊಡಿ’ ಅಂತ ಕೇಳಬೇಕು. ಆ ಅಜ್ಜನನ್ನು ಎಷ್ಟು ವರ್ಷದಿಂದ ಯಾರೂ ಏನೂ ಕೇಳಿಲ್ಲವೋ! ಮುಖ ಅರಳುವುದನ್ನು ನೋಡಿ, ಅದೇ ನಿಮ್ಮ ಮೊದಲ ಪ್ರಸಾದ. ಎರಡು, ಕೆಟ್ಟರೆ ಬಿಡಬಾರದು. ಮೊದಲನೇ ಹಗ್ಗ ಎಲ್ಲರದೂ ಸೊಟ್ಟಗೇ ಆಗುತ್ತೆ, ಬಿಚ್ಚಿ ಮತ್ತೆ ಹೊಸೆಯಿರಿ. ಮೂರು, ಕಲಿತ ಮೇಲೆ ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಬೇಕು. ಕಲಿಸುವ ತನಕ ವ್ರತ ಮುಗಿಯುವುದಿಲ್ಲ.

ಮಾತು ಮುಗಿಯಿತು. ಇನ್ನು ನಿಧಾನ ಇಳಿಯಿರಿ. ಮಕ್ಕಳ ಕೈ ಹಿಡಿದುಕೊಳ್ಳಿ, ವಯಸ್ಸಾದವರನ್ನು ಮುಂದೆ ಬಿಡಿ. ತಂದ ಬಾಟಲಿ, ಕವರು ಎಲ್ಲ ವಾಪಸ್ಸು ಕೊಂಡೊಯ್ಯಿರಿ. ದಾರಿಯಲ್ಲಿ ಕುರಿ ಕಾಯುವವರು ಸಿಕ್ಕಿದರೆ ನಿಂತು ಮಾತಾಡಿಸಿ, ಈ ವರ್ಷ ಮೇವು ಎಲ್ಲಿದೆ ಅಂತ ಕೇಳಿ. ಮಳೆ ಬೆಳೆ ಆಗಲಿ. ಕೆರೆ ಕಟ್ಟೆ ತುಂಬಲಿ. ನಿಮ್ಮ ಮನೆಯ ಹಳೆ ಎಳೆಗೆ ಹೊಸ ಎಳೆ ಸೇರಲಿ. ಸ್ವಾಮಿ ಎಲ್ಲರನ್ನೂ ಚೆನ್ನಾಗಿ ಇಟ್ಟಿರಲಿ.

॥ ಸರ್ವರಿಗೂ ಮಂಗಳವಾಗಲಿ ॥